ಅತ್ತೆಯ ಬೆನ್ನುಡಿಗಳು

ತೊಗರಿಬೇಳೆ ಡಬ್ಬಿ ಎತ್ತಿದರೆ ಕೆಳಗೆ ಹಾಸಿದ್ದ ಕಾಗದ ಇರಲಿಲ್ಲ. ಹೆಸರುಬೇಳೆಯ ಡಬ್ಬಿ ಎತ್ತಿದೆ, ಅಲ್ಲೂ ಇರಲಿಲ್ಲ. ಹಿಂದಿನ ವಾರವಷ್ಟೇ ಡಬ್ಬಿ ಇಡುವ ಗೋಡೆಯ ಮಾಡವನ್ನೆಲ್ಲ ಒರೆಸಿ ಹೊಸದಾಗಿ ಹಾಸಿದ್ದೆ. ಇಲಿ ಎಳೆದುಕೊಂಡು ಹೋಗಿದ್ದರೆ ಒಂದು ಚೂರಾದರೂ ಬಿದ್ದಿರಬೇಕಿತ್ತು. ಅಫಜಲಪುರದ ಆ ಮನೆಯಲ್ಲಿ ಇದ್ದವರು ಮೂವರೇ: ನಾನು, ನನ್ನ ಗಂಡ, ಅತ್ತೆ. ಗಂಡ ಅಡುಗೆಮನೆಗೆ ಬರುವುದು ನೀರು ಕುಡಿಯಲಿಕ್ಕೆ, ಅದೂ ನಾನು ಮನೆಯಲ್ಲಿ ಇಲ್ಲದಾಗ. ಹಾಗಾಗಿ ನನ್ನ ಸಂಶಯ ಹೋಗಬೇಕಾದಲ್ಲಿಗೇ ಹೋಯಿತು.

ಸಂಶಯ ನನಗೆ ತವರಿನಿಂದ ಬಂದದ್ದು. ಹಿರೋಳ್ಳಿಯಲ್ಲಿ ನಮ್ಮಪ್ಪನದು ಕಿರಾಣಿ ಅಂಗಡಿ. ನಗುನಗುತ್ತ ಬಂದ ಗಿರಾಕಿಯ ಕೈ ಮೊದಲು ನೋಡಬೇಕು, ಮುಖ ಆಮೇಲೆ ಎಂದು ಹೇಳುತ್ತಿದ್ದ. ಗಡಿಯ ಆಚೆಯಿಂದ ಬರುವ ಮಾಲಿನ ಪೊಟ್ಟಣದ ಮೇಲೆ ಮರಾಠಿಯಲ್ಲಿ 'ಉತ್ತಮ' ಎಂದು ದೊಡ್ಡದಾಗಿ ಬರೆದಿದ್ದರೆ ಅದನ್ನು ಮೊದಲು ಬಿಚ್ಚಿ ಮೂಸಿ ನೋಡುತ್ತಿದ್ದ. ಅಂಥವನ ಮಗಳು ನಾನು. ಯಾರಾದರೂ ನನ್ನ ಅಡುಗೆ ಹೊಗಳಿದರೆ, ಇವರಿಗೆ ಏನು ಬೇಕಾಗಿದೆ ಎಂದು ಯೋಚಿಸುತ್ತೇನೆ.

ಆ ಕಾಗದದ ವಿಷಯ ಹೇಳಬೇಕು. ನಾನು ಇಲ್ಲಿನ ಒಂದು ಖಾಸಗಿ ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದೆ. ಗಟ್ಟಿ ರಟ್ಟಿನ ಇಂಗ್ಲಿಷ್ ಪುಸ್ತಕಗಳು ಬಂದರೆ ಅವುಗಳ ಮೇಲೆ ಒಂದು ಹೊಳೆಯುವ ಹೊದಿಕೆ ಇರುತ್ತದೆ, ನಾವು ಜಾಕೆಟ್ ಅನ್ನುತ್ತೇವೆ. ಅದು ಇದ್ದರೆ ಬೆನ್ನಿಗೆ ನಂಬರಿನ ಚೀಟಿ ನಿಲ್ಲುವುದಿಲ್ಲ, ಹುಡುಗರ ಕೈಯಲ್ಲಿ ಎರಡು ದಿನಕ್ಕೆ ಹರಿಯುತ್ತದೆ. ಆದ್ದರಿಂದ ಗ್ರಂಥಾಲಯದ ಸಿಕ್ಕಾ ಹೊಡೆಯುವ ಮೊದಲೇ ಬಿಚ್ಚಿ ತೆಗೆಯುತ್ತೇವೆ. ಬಿಸಾಡಲು ಮನಸ್ಸಾಗದೆ ನಾನು ಮನೆಗೆ ತಂದು ಡಬ್ಬಿಗಳ ಕೆಳಗೆ ಹಾಸುತ್ತಿದ್ದೆ. ದಪ್ಪ ಕಾಗದ, ಎಣ್ಣೆ ಹೀರುವುದಿಲ್ಲ. ಜಾಕೆಟ್ಟಿನ ಒಂದು ಮಡಿಕೆಯಲ್ಲಿ ಪುಸ್ತಕದೊಳಗೆ ಏನಿದೆ ಎಂದಿರುತ್ತದೆ, ಇನ್ನೊಂದರಲ್ಲಿ ಬರೆದವರ ಸಂಗತಿ: ಎಲ್ಲಿ ಹುಟ್ಟಿದರು, ಯಾರನ್ನು ಮದುವೆಯಾದರು, ಹೇಗೆ ಸತ್ತರು. ಹಿಂದೆ ಹೊಗಳಿಕೆ. ಇದಕ್ಕೆಲ್ಲ ಸೇರಿಸಿ ನಾವು ಬೆನ್ನುಡಿ ಎನ್ನುತ್ತೇವೆ. ನನಗೆ ಆ ಶಬ್ದ ಕೇಳಿದಾಗಲೆಲ್ಲ ಬೆನ್ನ ಹಿಂದೆ ಆಡುವ ಮಾತೇ ನೆನಪಾಗುತ್ತದೆ.

ಒಂದು ಮಧ್ಯಾಹ್ನ ಕಾಲೇಜು ಬೇಗ ಬಿಟ್ಟಿತು. ಮನೆಗೆ ಬಂದು ನೋಡಿದರೆ ಅತ್ತೆ ಹಿತ್ತಲಿನ ಬೇವಿನ ಗಿಡದ ನೆರಳಲ್ಲಿ ಕುಳಿತಿದ್ದರು. ತೊಡೆಯ ಮೇಲೆ ನನ್ನ ಜಾಕೆಟ್. ಪಕ್ಕದಲ್ಲಿ ಮಾವನ ಹಳೆಯ ಇಂಗ್ಲಿಷ್-ಕನ್ನಡ ಡಿಕ್ಷನರಿ. ಬೆರಳು ಅಕ್ಷರದ ಕೆಳಗೆ ಸರಿಯುತ್ತಿತ್ತು, ತುಟಿ ಅಲ್ಲಾಡುತ್ತಿತ್ತು. ನನ್ನ ಚಪ್ಪಲಿ ಸಪ್ಪಳ ಕೇಳಿದ್ದೇ ಜಾಕೆಟ್ಟನ್ನು ಮಡಚಿ ಅದರ ಮೇಲೆಯೇ ಕುಳಿತುಬಿಟ್ಟರು.

"ಏನ್ ಓದಾಕತ್ತೀರಿ ಅತ್ತಿ?" ಎಂದೆ.

"ಏನಿಲ್ಲ ಬೇ. ಕಣ್ಣು ಹೆಂಗ ಕಾಣ್ತಾವ ನೋಡಾಕತ್ತಿದ್ದೆ."

ಏಳನೇ ತರಗತಿಯ ತನಕ ಆಳಂದದಲ್ಲಿ ಓದಿದವರು, ಇಂಗ್ಲಿಷ್ ಅಕ್ಷರ ಗುರುತಿಸುತ್ತಾರೆ ಎಂದು ಗೊತ್ತಿತ್ತು. ಮಾತ್ರೆಯ ಹೆಸರು ಓದಿ ಹೇಳುತ್ತಿದ್ದರು. ಆದರೆ ಅರವತ್ತು ದಾಟಿದ ಹೆಂಗಸು, ಬೆಳಿಗ್ಗೆ ಲಿಂಗಪೂಜೆ, ಮಧ್ಯಾಹ್ನ ನಿದ್ದೆ, ಸಂಜೆ ಬೇಳೆ ಆರಿಸುವುದು ಎಂದು ಇದ್ದವರು, ನಿದ್ದೆ ಬಿಟ್ಟು ಇಂಗ್ಲಿಷ್ ಕಲಿಯುತ್ತಾರೆ ಎಂದರೆ ಏನರ್ಥ? ಸುಮ್ಮನೆ ಕಲಿಯುವವರು ಕಾಗದದ ಮೇಲೆ ಯಾಕೆ ಕುಳಿತುಕೊಳ್ಳುತ್ತಾರೆ? ನಾನು ಎಚ್ಚರಾದೆ. ಯಾಕೆಂದರೆ ನನ್ನ ಗುಟ್ಟು ಇದ್ದದ್ದೇ ಇಂಗ್ಲಿಷಿನಲ್ಲಿ.

ಕೆಲ ವಾರಗಳ ಹಿಂದೆ ನನ್ನ ಗಂಡನಿಗೆ ಆಳಂದಕ್ಕೆ ವರ್ಗವಾಗಿತ್ತು. ಹೋಗಿ ಸೇರಲು ಇನ್ನೂ ಸಮಯವಿತ್ತು. ಅಲ್ಲಿನ ಕಾಲೇಜೊಂದರಲ್ಲಿ ನನಗೂ ಗ್ರಂಥಾಲಯದ ಕೆಲಸ ಸಿಗುವ ಹಾಗಿತ್ತು. ಆಳಂದ ಅತ್ತೆಯ ತವರು. ಸುದ್ದಿ ಕಿವಿಗೆ ಬಿದ್ದರೆ ನಮಗಿಂತ ಮೊದಲು ಅವರೇ ಗಂಟು ಕಟ್ಟುತ್ತಾರೆ. ನಾವು ಬೇರೆಯೇ ಯೋಚನೆ ಮಾಡಿದ್ದೆವು. ಅತ್ತೆಯನ್ನು ಜೇವರ್ಗಿ ತಾಲೂಕಿನ ಕೊಳಕೂರಿಗೆ, ನನ್ನ ನಾದಿನಿಯ ಮನೆಗೆ ಕಳಿಸುವುದು. ನಾವಿಬ್ಬರೇ ಆಳಂದಕ್ಕೆ ಹೋಗುವುದು. 'ನಾವು' ಎಂದೆ, ಯೋಚನೆ ನನ್ನದು. ಅತ್ತೆ ಕೆಟ್ಟವರಲ್ಲ. ಆದರೆ ಮದುವೆಯಾದಾಗಿನಿಂದ ನಾನು ಅವರ ಅಡುಗೆಮನೆಯಲ್ಲಿ ಅಡುಗೆ ಮಾಡಿದ್ದೇನೆ. ಉಪ್ಪಿನ ಭರಣಿ ಎಲ್ಲಿರಬೇಕು, ರೊಟ್ಟಿ ಎಷ್ಟು ದೊಡ್ಡದಿರಬೇಕು, ಶೇಂಗಾಹಿಂಡಿಗೆ ಬೆಳ್ಳುಳ್ಳಿ ಎಷ್ಟು, ಎಲ್ಲ ಅವರದೇ ಲೆಕ್ಕ. ನನಗೆ ನನ್ನದೊಂದು ಅಡುಗೆಮನೆ ಬೇಕಿತ್ತು. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ.

ಆದರೆ ಅದನ್ನು ಅವರಿಗೆ ಹೇಳುವವರು ಯಾರು? ಎರಡೇ ಖೋಲಿಯ ಮನೆ. ಪಿಸುಗುಟ್ಟಿದರೂ ಗೋಡೆಯಾಚೆ ಕೇಳುತ್ತದೆ. ಹಾಗಾಗಿ ಇಂಗ್ಲಿಷ್ ನಮ್ಮ ಮೂರನೇ ಖೋಲಿಯಾಯಿತು. ನನ್ನ ಇಂಗ್ಲಿಷ್ ಬಿ.ಎ. ಗೈಡಿನ ಇಂಗ್ಲಿಷ್, ಅವನದು ಕಚೇರಿ ಅರ್ಜಿಯ ಇಂಗ್ಲಿಷ್. ಆದರೂ ಅತ್ತೆಯ ಎದುರೇ ಕುಳಿತು ಅತ್ತೆಯ ವಿಷಯ ಮಾತಾಡಲು ಅಷ್ಟು ಸಾಕಿತ್ತು. ಒಂದು ದಿನ ಊಟಕ್ಕೆ ಕುಳಿತಾಗ ಗಂಡ ತಡೆಯಲಾರದೆ, ಅವ್ವನಿಗೆ ಈಗಲೇ ಹೇಳಿಬಿಡೋಣ ಎಂದು ಇಂಗ್ಲಿಷಿನಲ್ಲಿ ತೊದಲಿದ. ನಾನು ಕಣ್ಣು ಬಿಟ್ಟು, "ನಾಟ್ ನೌ, ಡೋಂಟ್ ಟೆಲ್ ಹರ್" ಎಂದು ಗದರಿದೆ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅತ್ತೆ ತಿರುಗಿ ನಮ್ಮಿಬ್ಬರನ್ನೂ ನೋಡಿದರು. ಹಂಚಿನ ಮೇಲಿನ ರೊಟ್ಟಿ ಕರಕಲಾಯಿತು. ಅವರ ಕೈಯಲ್ಲಿ ರೊಟ್ಟಿ ಹೊತ್ತಿದ್ದನ್ನು ನಾನು ಅಂದೇ ಮೊದಲು ನೋಡಿದ್ದು. ಡಬ್ಬಿಯ ಕೆಳಗಿನ ಕಾಗದ ಮಾಯವಾದದ್ದು ಅದರ ಮರುವಾರ.

ಇಷ್ಟು ಸಾಕಲ್ಲವೇ? ಇವರಿಗೆ ಎಲ್ಲೋ ವಾಸನೆ ಬಡಿದಿದೆ, ನಮ್ಮ ಮಾತು ಹಿಡಿಯಲಿಕ್ಕೇ ಇಂಗ್ಲಿಷ್ ಕಲಿಯುತ್ತಿದ್ದಾರೆ ಎಂದು ನಾನು ತೀರ್ಮಾನಿಸಿದೆ. ಎಷ್ಟು ಕಲಿತಿದ್ದಾರೆ ಎಂದು ಪರೀಕ್ಷೆ ಮಾಡಬೇಕಿತ್ತು. ಮರುದಿನ ಊಟದ ಹೊತ್ತಿಗೆ ಗಂಡನಿಗೆ ಇಂಗ್ಲಿಷಿನಲ್ಲಿ, ಅತ್ತೆಯ ಕಾಲ ಹತ್ತಿರ ಚೇಳಿದೆ ಎಂದೆ. ಕಣ್ಣು ಅತ್ತೆಯ ಮುಖದ ಮೇಲೇ ಇತ್ತು. ಅವರು ಪುಂಡಿಪಲ್ಯ ಕಲಸಿಕೊಂಡು ಆರಾಮಾಗಿ ಉಣ್ಣುತ್ತಿದ್ದರು. ಗಂಡ ಮಾತ್ರ ಎದ್ದು ಹಾರಿದ, ತಾಟು ಮಗುಚಿತು. ಚೇಳು ಎಲ್ಲಿ ಹೋಯಿತು ಎಂದು ಅವನು ಮೂಲೆ ಮೂಲೆ ಹುಡುಕುತ್ತಿದ್ದರೆ, ಅತ್ತೆ "ಏನಾತಪ್ಪಾ ನಿನಗ?" ಎಂದು ಗಾಬರಿಯಾದರು. ನಾನು ಅದನ್ನೂ ನಂಬಲಿಲ್ಲ. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇರುವುದು ಅಂಥಾ ಕಷ್ಟದ ಕೆಲಸವೇನಲ್ಲ.

ಆಮೇಲೆ ಅವರು ಮುಚ್ಚುಮರೆ ಬಿಟ್ಟು ನನ್ನನ್ನೇ ಕೇಳತೊಡಗಿದರು. ಒಂದು ಜಾಕೆಟ್ ಹಿಡಿದು ಬಂದರು, ಅದರ ಮೇಲೆ ಕನ್ನಡಕದ ಮುದುಕನೊಬ್ಬನ ಫೋಟೋ.

"ಇಂವ ಯಾವ ದವಾಖಾನ್ಯಾಗ ಇದ್ದ ಬೇ?"

"ಯಾಕ್ರಿ?"

"ಕ್ರಿಟಿಕಲ್ ಅಂತ ಬರದಾರ ನೋಡು."

ನೋಡಿದೆ. ವಿಮರ್ಶಕರು ಮೆಚ್ಚಿದ ಕಾದಂಬರಿಕಾರ ಎನ್ನುವುದಕ್ಕೆ 'ಕ್ರಿಟಿಕಲಿ ಅಕ್ಲೇಮ್ಡ್' ಎಂದು ಬರೆದಿದ್ದರು. ನಮ್ಮ ಕಡೆ ಆ ಶಬ್ದ ಆಂಬುಲೆನ್ಸಿನ ಜೊತೆಗೇ ಬಂದದ್ದು. ಪೇಷಂಟ್ ಕ್ರಿಟಿಕಲ್ ಅದಾನ, ಸೊಲ್ಲಾಪುರಕ್ಕ ಒಯ್ರಿ ಎಂದು ಡಾಕ್ಟರು ಹೇಳುವಾಗ ಮಾತ್ರ ಅತ್ತೆ ಅದನ್ನು ಕೇಳಿದ್ದರು. ನಾನು ಬಿದ್ದು ಬಿದ್ದು ನಕ್ಕೆ. ಅದು ಬೇರೆ, ಇದು ಬೇರೆ, ಇದು ಹೊಗಳಿಕೆ ಎಂದು ವಿವರಿಸಿದೆ. ಅತ್ತೆ ನಗಲಿಲ್ಲ. "ಹಂಗಾರ ಇವಗೂ ಬೀಮಾರಿ ಇದ್ದಿಲ್ಲ" ಎಂದು ಜಾಕೆಟ್ಟನ್ನು ಪಕ್ಕಕ್ಕಿಟ್ಟರು.

ಹಿಂಬದಿಯ ಹೊಗಳಿಕೆಯ ಮೇಲೆ ಅವರಿಗೂ ನನ್ನಷ್ಟೇ ಅನುಮಾನ. ಅದೊಂದು ವಿಷಯದಲ್ಲಿ ನಾವಿಬ್ಬರೂ ಒಂದೇ. "ಇದೂ ಅದ್ಭುತ, ಅದೂ ಅದ್ಭುತ. ಎಲ್ಲಾರೂ ಚಲೋ ಬರದಾರಂದ್ರ ಕೆಟ್ಟದ್ದು ಬರದವ್ರು ಎಲ್ಲಿ ಹೋದ್ರು?" ಎಂದರು ಒಂದು ಸಲ. ನನ್ನ ಮದುವೆಗೆ ಮೊದಲು ಬಂದ ವರಗಳ ಬಯೋಡೇಟಾ ನೆನಪಾಗಿ ನಗು ಬಂತು. ಬರಬರುತ್ತ ನನಗೂ ಆ ಕಾಗದಗಳಲ್ಲಿ ರುಚಿ ಹತ್ತಿತು. ಇಷ್ಟು ವರ್ಷ ಬಿಚ್ಚಿ ಹಾಸಿದ್ದೇ ಹೊರತು ಒಂದನ್ನೂ ನೆಟ್ಟಗೆ ಓದಿರಲಿಲ್ಲ. ಅತ್ತೆಗೆ ಹೇಳಿಕೊಡಲು ಹೋಗಿ ನಾನೂ ಡಿಕ್ಷನರಿ ತೆರೆಯುವಂತಾಯಿತು.

ಇನ್ನೊಂದು ದಿನ ಅವರು ಬಹಳ ಸಂತೋಷದಿಂದ ಬಂದರು. "ಈ ಹೆಣ್ಮಗಳು ಶ್ಯಾಣ್ಯಾಕಿ ನೋಡು. ಗಂಡನ್ನ ಉಳಿಸಿಕೊಂಡಾಳ." ತೋರಿಸಿದ ಸಾಲಿನಲ್ಲಿ 'ಸರ್ವೈವ್ಡ್ ಬೈ ಹಿಸ್ ವೈಫ್' ಎಂದಿತ್ತು. ಅದೂ ದವಾಖಾನೆಯಿಂದ ಕಲಿತ ಶಬ್ದವೇ. ಸರ್ವೈವ್ ಆಗ್ತಾನ, ಆಗಂಗಿಲ್ಲ ಎಂದು ವಾರ್ಡಿನ ಹೊರಗೆ ಜನ ಮಾತಾಡುವುದನ್ನು ಕೇಳಿದ್ದರು. ಹೆಂಡತಿಯಿಂದ ಬದುಕಿದ ಎಂದು ಅರ್ಥ ಮಾಡಿಕೊಂಡಿದ್ದರು.

"ಅಲ್ರಿ ಅತ್ತಿ. ಅಂವ ತೀರಿಕೊಂಡ, ಹೆಂಡ್ತಿ ಉಳದಾಳ ಅಂತ."

ಅತ್ತೆಯ ಮುಖ ಇಳಿಯಿತು. "ಉಳದಾಕಿ ಸುದ್ದಿ ಬರದು ಏನ್ ಮಾಡ್ತಾರ?" ಎಂದು ಎದ್ದು ಹೋದರು. ಮಾವ ಲಿಂಗೈಕ್ಯರಾಗಿ ಮೂರು ವರ್ಷವಾಗಿತ್ತು. ಎದ್ದು ಅವರ ಹಿಂದೆ ಹೋಗಬೇಕೆನಿಸಿತು. ಆದರೆ ಅದು ಬಹಳ ಹೊತ್ತು ಉಳಿಯಲಿಲ್ಲ, ಯಾಕೆಂದರೆ ಅವರು ಬಿಟ್ಟುಹೋದ ಜಾಕೆಟ್ಟನ್ನು ತಿರುಗಿಸಿ ನೋಡಿದೆ. 'ಡೈಡ್' ಎಂಬ ಶಬ್ದದ ಕೆಳಗೆ ಪೆನ್ಸಿಲ್ ಗೆರೆ. ಅವರ ಗಾದಿಯ ಕೆಳಗಿದ್ದ ಉಳಿದವನ್ನೂ ಎಳೆದು ನೋಡಿದೆ. ಎಲ್ಲದರಲ್ಲೂ ಸಾವಿನ ಸಾಲಿಗೆ ಮಾತ್ರ ಗೆರೆ. ಹುಟ್ಟು, ಮದುವೆ, ಬಹುಮಾನ ಯಾವುದಕ್ಕೂ ಇಲ್ಲ. ಡಿಕ್ಷನರಿಯಲ್ಲಿ 'ಡಿ' ಅಕ್ಷರದ ಹಾಳೆಗಳು ಮಾತ್ರ ಬೆರಳಿನ ಎಣ್ಣೆಯಿಂದ ಮಾಸಿದ್ದವು. 'ಡಾಟರ್ ಇನ್ ಲಾ' ಕೂಡ 'ಡಿ'ಯಲ್ಲೇ ಬರುತ್ತದೆ. ಸೊಸೆ, ಸಾವು, ಒಂದೇ ಅಕ್ಷರ. ಇವರ ಮನಸ್ಸಿನಲ್ಲಿ ಏನು ನಡೆದಿದೆ ಎಂದು ನನಗೆ ನಿಜವಾಗಿಯೂ ಅಂಜಿಕೆಯಾಯಿತು.

ಅದೇ ಹೊತ್ತಿಗೆ ಮಗನ ಮೇಲೆ ಅವರಿಗೆ ಇಲ್ಲದ ಪ್ರೀತಿ ಉಕ್ಕತೊಡಗಿತು. ಕಚೇರಿಯಿಂದ ಬಂದರೆ ಹಣೆ ಮುಟ್ಟಿ ನೋಡುವುದು. ಹೊಟ್ಟೆ ನೋಯುತ್ತದೆಯೇ ಎಂದು ಕೇಳುವುದು. ಬಾಗಿಲ ಬೆಳಕಿಗೆ ನಿಲ್ಲಿಸಿ ಕಣ್ಣಿನ ರೆಪ್ಪೆ ಎಳೆದು ಬಿಳಿ ಗುಡ್ಡೆ ನೋಡುವುದು. ಒಂದು ರೊಟ್ಟಿ ಕಡಿಮೆ ತಿಂದರೆ ತಾವೂ ಊಟ ಬಿಟ್ಟು ಏಳುವುದು. ವಿಭೂತಿಯನ್ನು ತಮ್ಮ ಕೈಯಿಂದಲೇ ಅವನ ಹಣೆಗೆ ಹಚ್ಚಿ ಕಳಿಸುವುದು. ನಲವತ್ತರ ಗಂಡಸು, ಎರಡು ದಿನ ನಾಚಿಕೊಂಡ, ಆಮೇಲೆ ತಾನಾಗಿಯೇ ಹೋಗಿ ಅವರ ಮುಂದೆ ಹಣೆ ಬಗ್ಗಿಸತೊಡಗಿದ. ಮಗನನ್ನು ಒಲಿಸಿಕೊಂಡು ಆಳಂದಕ್ಕೆ ಹೊರಡುವ ಹಂಚಿಕೆ ಇದು ಎಂದು ನಾನು ಹಲ್ಲು ಕಚ್ಚಿದೆ.

ಇದೆಲ್ಲದರ ಮೇಲೆ ಒಂದು ಸಂಜೆ ಬೇಳೆ ಆರಿಸುತ್ತ ತಮ್ಮದೇ ಒಂದು ಬೆನ್ನುಡಿ ಕಟ್ಟಿದರು. "ಶೀ ವಾಜ್ ಬಾರ್ನ್ ಇನ್ ಆಳಂದ. ಶೀ ಲಿವ್ಸ್ ಇನ್ ಅಫಜಲಪುರ ವಿತ್ ಹರ್ ಸನ್. ಬರೋಬರಿ ಅದ ಇಲ್ಲ?" ಬರೋಬರಿ ಇತ್ತು, ಒಂದು ತಪ್ಪೂ ಇರಲಿಲ್ಲ. ಮಗನ ಜೊತೆ ಇದ್ದಾಳೆ ಎನ್ನುವುದನ್ನು ನನ್ನ ಮುಖ ನೋಡಿ ಹೇಳಿದ್ದರು. ಸೊಸೆಯ ಹೆಸರೇ ಇಲ್ಲ. ಇವರಿಗೆ ಎಲ್ಲ ಗೊತ್ತಾಗಿದೆ, ನನ್ನನ್ನು ಆಡಿಸುತ್ತಿದ್ದಾರೆ ಎಂದು ಖಾತ್ರಿಯಾಯಿತು. ಅಂದಿನಿಂದ ಗಂಡನ ಜೊತೆ ಇಂಗ್ಲಿಷಿನಲ್ಲೂ ಮಾತು ಬಿಟ್ಟೆ.

ಮುಂದಿನ ಭಾನುವಾರ ಗಂಡ ಬಾಡಿಗೆ ಮನೆ ನೋಡಲು ಆಳಂದಕ್ಕೆ ಹೋದ. ಅತ್ತೆಗೆ ಕಚೇರಿ ಕೆಲಸ ಎಂದು ಹೇಳಿದ್ದ. ಅವನ ಬಸ್ಸು ಊರು ದಾಟುವುದನ್ನೇ ಕಾಯುತ್ತಿದ್ದ ಹಾಗೆ ಅತ್ತೆ ನನ್ನನ್ನು ಕರೆದರು. ಹಗ್ಗದ ಹೊರಸಿನ ಮೇಲೆ ಜಾಕೆಟ್ಟುಗಳನ್ನೆಲ್ಲ ಹರಡಿದ್ದರು. ನಡುವೆ ಡಿಕ್ಷನರಿ. ಬಂತು, ಇವತ್ತು ಜಗಳವೇ ಎಂದು ಸೆರಗು ಸಿಕ್ಕಿಸಿಕೊಂಡು ಕುಳಿತೆ.

"ಇವನ್ನೆಲ್ಲಾ ನೋಡಿ ಮುಗಿಸೇನಿ" ಎಂದರು. "ಇಂವ ಟಿ.ಬಿ. ಆಗಿ ಸತ್ತಾನ. ಈಕಿ ಎದಿ ಬ್ಯಾನಿಗೆ ಸತ್ತಾಳ. ಇವಗ ಕ್ಯಾನ್ಸರ್. ಇಷ್ಟು ಮಂದಿ ಸತ್ತಾರ, ಒಬ್ಬರಿಗೂ ಆ ಬೀಮಾರಿ ಆಗಿಲ್ಲ."

"ಯಾವ ಬೀಮಾರಿ?"

ಅತ್ತೆ ಬಾಗಿಲ ಕಡೆ ನೋಡಿದರು. ದನಿ ಇಳಿಸಿ ಹೇಳಿದರು: "ಡೊಂಟೆಲ್ಲರ್."

ನನಗೆ ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿ ಎಂದೆ. ಅವರು ಹೇಳಲಿಲ್ಲ. ಬದಲಿಗೆ ಸೊಲ್ಲಾಪುರದ ದವಾಖಾನೆಯ ಸಂಗತಿ ತೆಗೆದರು. ಮಾವ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ನಿವೃತ್ತಿಯಾದ ಮೇಲೆ ಹೊಟ್ಟೆನೋವು ಬಂದು ಅವರಿಬ್ಬರೇ ಅಲ್ಲಿಗೆ ಹೋಗಿದ್ದರು.

"ಡಾಕ್ಟರ್ ಕಾಗದ ನೋಡಿ ಇಂಗ್ಲಿಷಿನಾಗ ಏನೋ ಕೇಳಿದ. ನಮ್ಮ ಮಾಸ್ತರ್ರು ನನ್ನ ಕಡಿ ಒಮ್ಮೆ ನೋಡಿದ್ರು. ಡೊಂಟೆಲ್ಲರ್ ಅಂದ್ರು. ಅಷ್ಟ. ಹೊರಗ ಬಂದು ಏನಂದಾನ್ರಿ ಡಾಕ್ಟರ್ ಅಂತ ಕೇಳಿದ್ರ, ಪಿತ್ತ ಆಗ್ಯಾದ, ಏನಿಲ್ಲ ಅಂದ್ರು. ಪಿತ್ತ ಅಲ್ಲ ಅಂತ ನನಗ ಗೊತ್ತಿತ್ತು. ಬೀಮಾರಿ ಹೆಸರು ನನ್ನ ಕಿವ್ಯಾಗ ಬಿದ್ದಿತ್ತಲ್ಲ. ಆ ಮಳಿಗಾಲ ದಾಟಲಿಲ್ಲ, ಹೋಗೇಬಿಟ್ರು."

ನಾನು ಏಳಲು ಹೋದೆ. ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಆವತ್ತು ನಾ ರೊಟ್ಟಿ ಬಡಿಯಾಕತ್ತಿದ್ದೆ. ನೀ ನನ್ನ ಮಗನ ಮುಂದ ಅದ ಹೆಸರು ಹೇಳಿದಿ. ಸಿಟ್ಟಿಲೆ ಹೇಳಿದಿ. ಅಂವ ಮುಖಾ ಸಣ್ಣದು ಮಾಡಿದ. ಹೆಸರು ಹಿಡದು ಕೇಳಿದ್ರ ಖರೇ ಆಗ್ತದಂತ ಅಂಜಿ ಸುಮ್ನಿದ್ದೆ. ಡಿಕ್ಷನರಿ ನೋಡಿದೆ, ಡಾಂಕಿ ಸಿಕ್ಕಿತು, ಇದು ಸಿಗಲಿಲ್ಲ. ಬರದವ್ರು ಹೆಂಗ ಸತ್ರು ಅಂತ ಇದ್ರಾಗ ಇರ್ತದಲ್ಲ, ಯಾರಿಗರ ಆಗಿರಬೇಕು, ಆಗಿ ಉಳದಿರಬೇಕು ಅಂತ ನೋಡಿದೆ. ಇವತ್ತು ಅಂವ ಕಚೇರಿ ಅಂತ ಸುಳ್ಳು ಹೇಳಿ ಹೋಗ್ಯಾನ. ಐತವಾರ ಯಾವ ಕಚೇರಿ ಇರ್ತದ? ದವಾಖಾನಿಗೆ ಹೋಗ್ಯಾನ. ಖರೇ ಹೇಳು ಬೇ. ಅವಗೂ ಡೊಂಟೆಲ್ಲರ್ ಆಗ್ಯಾದೇನು?"

"ಇಲ್ರಿ ಅತ್ತಿ" ಎಂದೆ. ಮತ್ತೆ ಹೇಳಿದೆ. "ಇಲ್ರಿ. ಅದು ಬೀಮಾರಿ ಹೆಸರೇ ಅಲ್ಲ. ನಿಮ್ಮ ಮಗ ಆರಾಮ ಅದಾರ. ನಿಮ್ಮಾಣಿಗೂ."

ಅವರು ನನ್ನ ಕೈ ಬಿಟ್ಟರು. ಎರಡೂ ಕೈಯಿಂದ ಕೊರಳಿನ ಲಿಂಗದ ಕರಡಿಗೆ ಹಿಡಿದುಕೊಂಡು ಅತ್ತರು. ಎಷ್ಟು ಹಗುರಾಗಿ ಅತ್ತರೆಂದರೆ ನನಗೂ ಅಳು ಬಂತು. ಅದು ಅಲ್ಲಿಗೇ ಮುಗಿದರೆ ಸಾಕೆಂದು ನಾನು ಜಾಕೆಟ್ಟುಗಳನ್ನು ಮಡಚತೊಡಗಿದೆ. ಮುಗಿಯಲಿಲ್ಲ.

"ಬೀಮಾರಿ ಅಲ್ಲಂದ್ರ ಏನದು?"

ಒಂದು ಸುಳ್ಳು ನಾಲಗೆಯ ತುದಿಗೆ ಬಂದಿತ್ತು. ಔಷಧದ ಹೆಸರು ಎಂದುಬಿಡಬಹುದಿತ್ತು. ಆದರೆ ಡಿಕ್ಷನರಿ ನಮ್ಮಿಬ್ಬರ ನಡುವೆ ಬಿದ್ದಿತ್ತು, ಮತ್ತು ಈ ಹೆಂಗಸು ಇನ್ನು ಏನನ್ನೂ ಹುಡುಕದೆ ಬಿಡುವುದಿಲ್ಲ ಎಂದು ನನಗೆ ಗೊತ್ತಿತ್ತು.

"ಅದು ಒಂದು ಶಬ್ದ ಅಲ್ರಿ, ಮೂರು ಅದಾವ. ಡೋಂಟ್ ಅಂದ್ರ ಬ್ಯಾಡ. ಟೆಲ್ ಅಂದ್ರ ಹೇಳೂದು."

ಬೆನ್ನುಡಿಗಳಲ್ಲಿ ಆಗಿಹೋದ ಸಂಗತಿ ಮಾತ್ರ ಇರುತ್ತದೆ. ಬೇಡ ಎನ್ನುವ ಮಾತು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಮೂರನೆಯದನ್ನು ನಾನು ಹೇಳುವ ಮೊದಲೇ ಅವರು ಕೈ ಎತ್ತಿದರು.

"ಹರ್ ನನಗ ಗೊತ್ತದ. ಹರ್ ಸನ್. ಹರ್ ಹಸ್ಬಂಡ್." ಬೆರಳು ಮಡಚಿ ಮೂರನ್ನೂ ಜೋಡಿಸಿದರು. "ಆಕಿಗಿ ಹೇಳಬ್ಯಾಡ. ಆಕಿ ಅಂದ್ರ ನಾನೇನು?"

"ಹೌದ್ರಿ."

ಅತ್ತೆ ಎದ್ದು ಗೋಡೆಯ ಮೇಲಿನ ಮಾವನ ಫೋಟೋದ ಮುಂದೆ ನಿಂತರು. ನಾನು ಅವರನ್ನು ಅಷ್ಟು ಸಿಟ್ಟಿನಲ್ಲಿ ನೋಡಿರಲಿಲ್ಲ. "ಊಟಾ ಬಿಟ್ರಂತ ದಿನಾ ಬೈದೆ" ಎಂದರು ಫೋಟೋಕ್ಕೆ. "ನಾ ಮಾಡಿದ್ದು ಸೇರಂಗಿಲ್ಲೇನು ಅಂತ ತಾಟು ಎತ್ತಿಟ್ಟೆ. ಒಂದ್ ಮಾತು ಹೇಳಿದ್ರ ಬೈತಿದ್ದೆನೇನ್ರಿ ನಾ? ಮಂದಿ ಮಕ್ಕಳಿಗೆಲ್ಲಾ ಕಲಿಸಿದ್ರಿ, ನನಗೊಂದು ಮಾತು ಹೇಳಾಕ ಆಗಲಿಲ್ಲ." ಆಮೇಲೆ ಸೆರಗಿನಿಂದ ಆ ಗಾಜು ಒರೆಸಿದರು, ಕನ್ನಡಕವನ್ನೂ ಒರೆಸಿಕೊಂಡರು, ತಿರುಗಿ ಬಂದು ನನ್ನೆದುರು ಕುಳಿತರು.

"ಅವರು ನನಗ ಹೇಳಬ್ಯಾಡ ಅಂದಿದ್ದು ಏನಂತ ಗೊತ್ತಾತು. ನೀ ಹೇಳಬ್ಯಾಡ ಅಂದಿದ್ದು ಏನು?"

ನಾನು ಕೆಳಗೆ ನೋಡಿದೆ. ಹೊರಸಿನ ತುಂಬ ಸತ್ತವರ ಫೋಟೋಗಳು.

"ಅವರನ್ನ ಈಗ ಕೇಳಾಕ ಬರಂಗಿಲ್ಲ. ನೀ ಮುಂದ ಕುಂತಿ. ಹೇಳು. ಕನ್ನಡದಾಗ ಹೇಳು."

ಹೇಳಿದೆ. ಆಳಂದದ ವರ್ಗ, ಇವತ್ತು ನೋಡಲು ಹೋದ ಬಾಡಿಗೆ ಮನೆ, ನನ್ನ ಅಡುಗೆಮನೆಯ ಆಸೆ, ಕೊನೆಗೆ ಕೊಳಕೂರು. ತವರಿನ ಹೆಸರು ಬಂದಾಗ ಅವರ ಕಣ್ಣು ಅರಳಿತು, ಕೊಳಕೂರು ಎಂದಾಗ ಇಳಿಯಿತು. ಎರಡನ್ನೂ ನಾನು ನೋಡಿದೆ. ಬೈಯಲಿ ಎಂದು ಕಾದೆ. ಬೈದಿದ್ದರೆ ತಿರುಗಿ ಅನ್ನಲು ನನ್ನ ಬಳಿ ಬಹಳ ವರ್ಷದ ಮಾತುಗಳಿದ್ದವು.

ಅತ್ತೆ ಜಾಕೆಟ್ಟುಗಳನ್ನು ಒಂದರ ಮೇಲೊಂದು ಜೋಡಿಸಿ, ಅಂಚು ಸಮ ಮಾಡಿ, ನನ್ನ ಕೈಗೆ ಕೊಟ್ಟರು.

"ಡಬ್ಬಿ ಕೆಳಗ ಹಾಸು" ಎಂದರು. "ನಾ ನನ್ನ ಮಗ ಸಾಯ್ತಾನಂತ ಇಂಗ್ಲಿಷ್ ಕಲತೆ ಬೇ. ನೀವು ಇದಕ್ಕ ಕಲತೀರೇನು?"